ಸ್ಪ್ಲಿಟ್ ಆದರೆ ಕೈಯಲ್ಲಿರುವ ಆಪ್ಷನ್ ಏನಾಗುತ್ತೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನನ್ನ ಹತ್ತಿರ ಒಂದು ಕಂಪನಿಯ ಕಾಲ್ ಆಪ್ಷನ್ (ಅದರ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಕೊಳ್ಳುವ ಹಕ್ಕು) ಇದೆ. ಮುಂದಿನ ವಾರ ಅದರ ಮುಖಬೆಲೆ 10 ರೂಪಾಯಿಯಿಂದ 2ಕ್ಕೆ ಇಳಿಯುತ್ತಂತೆ, ಅಂದರೆ ಸ್ಪ್ಲಿಟ್ ಆಗಿ ಒಂದು ಷೇರು ಐದಾಗುತ್ತಂತೆ. ಷೇರಿನ ಬೆಲೆಯೂ ಅಷ್ಟೇ ಇಳಿದರೆ ನನ್ನ ದುಡ್ಡು ಹೋಯ್ತಾ? ಈಗಲೇ ಮಾರಿಬಿಡಲಾ?

ಉತ್ತರ: ಆ ಒಂದೇ ಭಯಕ್ಕೆ ಮಾರಬೇಡಿ. 2024ರ ಮೇ 15ರಂದು ಕೆನರಾ ಬ್ಯಾಂಕ್ ಷೇರು ಹೀಗೇ ಒಂದಕ್ಕೆ ಐದಾಯಿತು. ಆಗ ನನ್ನ ಹತ್ತಿರ 560 ರೂಪಾಯಿಗೆ ಕೊಳ್ಳುವ ಕಾಲ್ ಇತ್ತು. ಹಿಂದಿನ ದಿನ ಮಾರುಕಟ್ಟೆ ಮುಚ್ಚಿದ ಮೇಲೆ ಎಕ್ಸ್‌ಚೇಂಜ್‌ನವರೇ ಎಲ್ಲ ಸರಿಮಾಡಿದರು. ಬೆಳಿಗ್ಗೆ ನೋಡಿದರೆ ಸ್ಟ್ರೈಕ್ (ಆ ಗೊತ್ತುಮಾಡಿದ ಬೆಲೆ) 112, ಲಾಟ್ (ಒಂದು ಆಪ್ಷನ್‌ಗೆ ಸೇರಿದ ಷೇರುಗಳ ಸಂಖ್ಯೆ) 1,350 ಇದ್ದದ್ದು 6,750. ನೀವೇ ಲೆಕ್ಕ ಹಾಕಿ: ಪ್ರೀಮಿಯಂ (ಒಂದು ಷೇರಿನ ಲೆಕ್ಕದಲ್ಲಿ ಆಪ್ಷನ್‌ನ ಬೆಲೆ) 15 ರೂಪಾಯಿ ಇದ್ದಾಗ 1,350ಕ್ಕೆ 20,250. ಅದೇ 3 ರೂಪಾಯಿ ಆಗಿ ಲಾಟ್ 6,750 ಆದರೂ 20,250. ಫ್ಯೂಚರ್ಸ್‌ಗೂ (ಮುಂದಿನ ಒಂದು ದಿನಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಇದೇ ಲೆಕ್ಕ. ಮಾರಿದವರಿಗೂ ಕೊಂಡವರಿಗೂ ಲಾಭ ನಷ್ಟ ಇಲ್ಲ.

ಇನ್ನೊಬ್ಬರು: ಬೋನಸ್‌ಗೂ ಹೀಗೇ. 2025ರ ಆಗಸ್ಟ್‌ನಲ್ಲಿ ಹೆಚ್‌ಡಿಎಫ್‌ಸಿ ಬ್ಯಾಂಕ್ ಒಂದು ಷೇರಿಗೆ ಇನ್ನೊಂದು ಷೇರು ಬೋನಸ್ ಕೊಟ್ಟಾಗ ಲಾಟ್ 550ರಿಂದ 1,100 ಆಯಿತು. ಆದರೆ ಒಂದು ವಿಷಯ ಮರೆಯಬೇಡಿ. ಪ್ರೀಮಿಯಂ 10ಕ್ಕೆ ಇಳಿದರೆ ಮಾರು ಅಂತ ಟ್ರಿಗರ್ ಹಾಕಿದ್ದೀರಾ? ಸ್ಪ್ಲಿಟ್ ಆದ ಬೆಳಿಗ್ಗೆ ಬೆಲೆ 3 ಅಂತ ಬಂದಾಗ ಆ ಹಳೇ ನಂಬರ್‌ಗೆ ಅರ್ಥವೇ ಇರುವುದಿಲ್ಲ. ಎಷ್ಟೋ ಬ್ರೋಕರ್‌ಗಳು ತಾವೇ ರದ್ದು ಮಾಡುತ್ತಾರೆ, ಆದರೂ ಹಿಂದಿನ ಸಂಜೆಯೇ ನೀವೇ ತೆಗೆದುಬಿಡಿ. ಬೆಳಿಗ್ಗೆ ಹೊಸ ಬೆಲೆಗೆ ಹಾಕಿ.

ಮತ್ತೊಬ್ಬರು: ಷೇರು ಇಟ್ಟುಕೊಂಡು ಅದರ ಮೇಲೆ ಕಾಲ್ ಮಾರಿದವರು ಜಾಸ್ತಿ ಹುಷಾರಾಗಿರಬೇಕು. ಆಪ್ಷನ್ ರಾತ್ರೋರಾತ್ರಿ ಬದಲಾಗುತ್ತೆ, ಡಿಮ್ಯಾಟ್‌ಗೆ (ಷೇರು ಇಡುವ ಖಾತೆ) ಹೊಸ ಷೇರು ಬರುವುದು ಮಾತ್ರ ಒಂದೆರಡು ದಿನ ತಡ. ಅಲ್ಲಿಯವರೆಗೆ ಆ್ಯಪ್‌ನಲ್ಲಿ ಶೇ. 80ರಷ್ಟು ನಷ್ಟ ಅಂತ ಕೆಂಪಗೆ ತೋರಿಸಬಹುದು. ಅದನ್ನು ನೋಡಿ ಗಾಬರಿಯಾಗಬೇಡಿ. ನಿಜವಾದ ತೊಂದರೆ ಎಕ್ಸ್‌ಪೈರಿ (ಆಪ್ಷನ್ ಮುಗಿಯುವ ದಿನ) ಅದೇ ವಾರ ಬಿದ್ದರೆ. ನಮ್ಮಲ್ಲಿ ಕಂಪನಿ ಷೇರಿನ ಆಪ್ಷನ್‌ಗಳು 2019ರ ಅಕ್ಟೋಬರ್‌ನಿಂದ ಪೂರ್ತಿ ಡೆಲಿವರಿ ಮೇಲೇ ಮುಗಿಯುತ್ತವೆ, ಅಂದರೆ ಬೆಲೆಯ ವ್ಯತ್ಯಾಸದ ದುಡ್ಡಲ್ಲ, ಷೇರೇ ಕೈ ಬದಲಾಗಬೇಕು. ಆ ದಿನ ಷೇರಿನ ಬೆಲೆ ನೀವು ಮಾರಿದ ಕಾಲ್‌ನ ಸ್ಟ್ರೈಕ್‌ಗಿಂತ ಮೇಲೆ ಮುಗಿದರೆ ಲಾಟ್‌ನಷ್ಟೂ ಷೇರು ಕೊಡಬೇಕು. ಹೊಸ ಷೇರು ಇನ್ನೂ ಖಾತೆಗೆ ಬಂದಿಲ್ಲ ಅಂದರೆ ಆ ಕಾಲನ್ನು ಮೊದಲೇ ವಾಪಸ್ ಕೊಂಡುಬಿಡಿ, ಇಲ್ಲವೇ ಮುಂದಿನ ತಿಂಗಳಿಗೆ ರೋಲ್ ಮಾಡಿ (ಇದನ್ನು ವಾಪಸ್ ಕೊಂಡು ಮುಂದಿನ ತಿಂಗಳ ಕಾಲ್ ಮಾರಿ).