ಏಪ್ರಿಲ್‌ನಲ್ಲಿ ಸೊಂಟದ ಆಪರೇಷನ್, ಜೂನ್‌ನಲ್ಲಿ ಮಳೆ. ಆಗುತ್ತಾ?

ಮೆಣಸುಬಳ್ಳಿ (ಸೋಮವಾರಪೇಟೆ ಕಡೆ):
ನನಗೆ 62. ಬಲಗಡೆ ಸೊಂಟದ ಕೀಲು ಸವೆದಿದೆ, ಬದಲಾಯಿಸಲೇಬೇಕು ಎಂದು ಮೈಸೂರಿನ ಡಾಕ್ಟರು ಹೇಳಿದ್ದಾರೆ. ನೋವು ತೊಡೆಸಂದಿನಿಂದ ಮಂಡಿಗೆ ಇಳಿಯುತ್ತದೆ. ಗೊತ್ತಾಗದೆ ಎರಡು ವರ್ಷ ಸುಮ್ನೆ ಮಂಡಿಗೆ ಎಣ್ಣೆ ತಿಕ್ಕಿದೆ! ರೋಬಸ್ಟಾ, ಮೆಣಸು ಎರಡರ ಕೊಯ್ಲೂ ಮಾರ್ಚ್ ಕೊನೆಗೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಮಾಡಿಸಿದರೆ ಮಳೆ ಹಿಡಿಯುವಷ್ಟರಲ್ಲಿ ತೋಟಕ್ಕೆ ಇಳಿಯಬಹುದಾ? ಮನೆಗೆ ಎಂಟು ಮೆಟ್ಟಿಲು. ಕಕ್ಕಸು ಹಿತ್ತಲಲ್ಲಿದೆ, ಕುಕ್ಕರುಗಾಲಲ್ಲಿ ಕೂರುವಂಥದ್ದು.

ನಾಪೋಕ್ಲು ಟೀಚರ್:
ಅಣ್ಣಾ, ನನಗೆ ಎಡಗಡೆಯದು ಆಗಿ ಎರಡು ವರ್ಷ. ಸೊಂಟಕ್ಕಿಂತ ಮೊದಲು ಕಕ್ಕಸು ರಿಪೇರಿ ಮಾಡಿಸಿ. ತಮಾಷೆಯಲ್ಲ.

ನನಗೆ ಹಿಂದುಗಡೆಯಿಂದ ಕೊಯ್ದು ಮಾಡಿದ್ದು. ತೊಡೆಯನ್ನು 90 ಡಿಗ್ರಿಗಿಂತ ಜಾಸ್ತಿ ಮಡಚಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು ಅಂದಿದ್ದರು. ತಪ್ಪಿದರೆ ಹೊಸ ಕೀಲಿನ ಗುಂಡು ಅದರ ಗೂಡಿನಿಂದ ಜಾರಬಹುದು. ಮಲಗುವಾಗಲೂ ಕಾಲುಗಳ ಮಧ್ಯೆ ದಿಂಬು. ಕಮೋಡ್ ಹಾಕಿಸಿದ್ದೆ, ಅದೂ ತಗ್ಗಾಯಿತು. ಅದರ ಮೇಲೆ ಕೂರಿಸುವ ಎತ್ತರದ ಸೀಟು ಸಿಕ್ಕಿದ್ದು ಮನೆಗೆ ಬಂದ ಮೂರನೇ ದಿನ. ಅಲ್ಲಿಯವರೆಗೆ ಹೆದರಿ ಕಾಫಿಯನ್ನೇ ಮುಟ್ಟಲಿಲ್ಲ. ಕೊಡಗಿನಲ್ಲಿ ಹುಟ್ಟಿ!

ಬರುವಾಗ ಕಾರಿನ ಸೀಟಿಗೆ ದಿಂಬು ಹಾಕಿ ಎತ್ತರಿಸಿ, ಹಿಂದಕ್ಕೆ ಒರಗಿಸಿ ಕೂತೆ. ಹುಣಸೂರು, ಗೋಣಿಕೊಪ್ಪ ಎರಡೂ ಕಡೆ ಇಳಿದು ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಿದೆ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ಮೊಮ್ಮಗ ಕಾವಲು ನಿಂತು "ಅಜ್ಜೀ, ರಾಂಗ್ ಕಾಲು!" ಎಂದು ಕೂಗುತ್ತಿದ್ದ.

ಜೂನ್ ತೋಟದ ಆಸೆ ಬಿಡಿ. ಆರು ವಾರಕ್ಕೆ ಕೋಲು ಹಿಡಿದು ಅಂಗಳ ಸುತ್ತಿದೆ ನಿಜ. ಆದರೆ ಅಂಗಳ ಸಮತಟ್ಟು, ಒಣಗಿತ್ತು. ತೋಟದ ಇಳಿಜಾರಿನಲ್ಲಿ ಪಾಚಿ. ಜಿಗಣೆ ಹತ್ತಿತು ಅಂತ ಗಬಕ್ಕನೆ ಬಗ್ಗಿದರೆ ಏನು ಗತಿ?

ಕುಶಾಲನಗರದ ಮಗಳು:
ನಮ್ಮ ಅಪ್ಪನಿಗೆ ಮುಂದುಗಡೆಯಿಂದ ಮಾಡಿದ್ದರು, ಬಗ್ಗಬೇಡಿ ಅನ್ನುವ ನಿಯಮ ಅಷ್ಟೊಂದು ಇರಲಿಲ್ಲ. ಯಾವ ಕಡೆಯಿಂದ ಮಾಡುತ್ತಾರೆ ಎಂದು ಮೊದಲೇ ಕೇಳಿ. ಅಡ್ಮಿಟ್ ಆದ ದಿನ ಶುಗರ್ ಜಾಸ್ತಿ ಇದೆ ಎಂದು ವಾಪಸ್ ಕಳಿಸಿದರು, ಸುಮ್ನೆ ಒಂದು ಓಡಾಟ. ಹುಳುಕು ಹಲ್ಲಿದ್ದರೆ ಅದನ್ನೂ ಮೊದಲೇ ತೋರಿಸಿ, ಅಲ್ಲಿನ ಸೋಂಕು ರಕ್ತದಲ್ಲಿ ಹೊಸ ಕೀಲಿಗೆ ಹೋಗಬಹುದಂತೆ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ. ಆಪರೇಷನ್ ಆದಮೇಲೆ ಮೀನಖಂಡ ಊದಿ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಉಸಿರು ಕಟ್ಟಿದರಂತೂ ತಕ್ಷಣ ಆಸ್ಪತ್ರೆಗೆ.

ಮೆಣಸುಬಳ್ಳಿ:
ಮೇಸ್ತ್ರಿಗೆ ಇವತ್ತೇ ಫೋನ್ ಮಾಡಿದೆ. ಜಿಗಣೆ ವಿಷಯ ಓದಿ ಹೆಂಡತಿ ನನ್ನ ಗಮ್‌ಬೂಟು ಬಚ್ಚಿಟ್ಟಿದ್ದಾಳೆ. ಟೀಚರ್, ಆ ಸೀಟು ಇನ್ನೂ ಇದೆಯಾ?

ನಾಪೋಕ್ಲು ಟೀಚರ್:
ಅಟ್ಟದಲ್ಲಿದೆ. ತೊಳೆದಿಡುತ್ತೇನೆ, ಯಾರನ್ನಾದರೂ ಕಳಿಸಿ. ಕಮೋಡ್‌ನ ಅಳತೆ ತರಲು ಹೇಳಿ.