ಹೊಸ ಲ್ಯಾಪ್‌ಟಾಪ್, ದಿನಾ ಬ್ಲೂ ಸ್ಕ್ರೀನ್: ಫಾರ್ಮ್ಯಾಟ್ ಮಾಡಿದರೂ ನಿಲ್ತಿಲ್ಲ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ತಗೊಂಡು ಇನ್ನೂ ತಿಂಗಳಾಗಿದೆ ಅಷ್ಟೇ. ವಿಂಡೋಸ್ 11, 512 ಜಿಬಿ ಎಸ್‌ಎಸ್‌ಡಿ, ಡಿಡಿಆರ್5 ರ‍್ಯಾಮ್ 8+8 ಜಿಬಿ (ಒಂದು ಕಂಪನಿಯಿಂದಲೇ ಬಂದದ್ದು, ಇನ್ನೊಂದು ಅಂಗಡಿಯಲ್ಲಿ ಹಾಕಿಸಿದ್ದು). ಕೆಲಸದ ಮಧ್ಯೆ ಇದ್ದಕ್ಕಿದ್ದಂತೆ ನೀಲಿ ಸ್ಕ್ರೀನ್ ಬಂದು ರೀಸ್ಟಾರ್ಟ್ ಆಗುತ್ತೆ. ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್ ಅಂತ ಇತ್ತು, ಇನ್ನೊಮ್ಮೆ ಪೇಜ್ ಫಾಲ್ಟ್ ಅಂತೇನೋ, ಉಳಿದವು ಓದೋ ಮೊದಲೇ ಮಾಯ. ಅಂಗಡಿಯವರು "ವೈರಸ್ ಇರ್ಬೇಕು, ಫಾರ್ಮ್ಯಾಟ್ ಹೊಡೀರಿ" ಅಂದ್ರು. ಹೊಡೆದಿದ್ದೂ ಆಯ್ತು. ವಿಂಡೋಸ್ ಇನ್‌ಸ್ಟಾಲ್ ಆಗುವಾಗಲೇ ಒಮ್ಮೆ ಎರರ್ ಕೊಟ್ಟು ನಿಂತಿತು. ಕಾಲೇಜ್ ಪ್ರಾಜೆಕ್ಟ್ ಎಲ್ಲಾ ಇದರಲ್ಲೇ ಇದೆ, ದಯವಿಟ್ಟು ಸಹಾಯ ಮಾಡಿ.

ಉತ್ತರ 1:
ಬಯಾಸ್ (ಮಷೀನ್ ಆನ್ ಆದಾಗ ಮೊದಲು ಓಡುವ ಮದರ್‌ಬೋರ್ಡ್ ತಂತ್ರಾಂಶ) ಅಪ್‌ಡೇಟ್ ಮಾಡಿ ಬ್ರೋ. ಆಮೇಲೆ ವಿಂಡೋಸ್‌ನ ಡ್ರೈವರ್ ವೆರಿಫೈಯರ್ ಆನ್ ಮಾಡಿ, ಯಾವ ಡ್ರೈವರ್ (ಹಾರ್ಡ್‌ವೇರ್ ನಡೆಸುವ ತಂತ್ರಾಂಶ) ಕೆಟ್ಟಿದೆ ಅಂತ ಸಿಕ್ಕಿಬೀಳುತ್ತೆ.

ಉತ್ತರ 2:
ಬಯಾಸ್‌ಗೆ ಈಗಲೇ ಕೈ ಹಾಕಬೇಡಿ. ಅಪ್‌ಡೇಟ್ ಅರ್ಧದಲ್ಲಿರುವಾಗ ಮಷೀನ್ ಕ್ರ್ಯಾಶ್ ಆದರೆ ಮದರ್‌ಬೋರ್ಡೇ ಏಳದೆ ಹೋಗಬಹುದು. ಹೊಸದಾಗಿ ಇನ್‌ಸ್ಟಾಲ್ ಮಾಡುವಾಗಲೇ ಎರರ್ ಬಂದಿದೆ ಅಂದಮೇಲೆ ವೈರಸ್ ಮಾತು ಬಿಡಿ. ನನಗೆ ಅನುಮಾನ ನೀವು ಬ್ರ್ಯಾಕೆಟ್‌ನಲ್ಲಿ ಬರೆದದ್ದರ ಮೇಲೆ.

ಅದಕ್ಕೂ ಮೊದಲು ಒಂದು ನೋಡಿ ಹೇಳಿ. ವಿಂಡೋಸ್‌ನಲ್ಲೇ ಇರುವ ಇವೆಂಟ್ ವ್ಯೂವರ್ ತೆರೆದು ವಿಂಡೋಸ್ ಲಾಗ್ಸ್, ಸಿಸ್ಟಮ್‌ಗೆ ಹೋಗಿ. ಕರ್ನಲ್-ಪವರ್ 41 ಅನ್ನುವ ಕೆಂಪು ಗುರುತಿನ ಸಾಲುಗಳಿರುತ್ತವೆ. ಒಂದೊಂದನ್ನೂ ಒತ್ತಿ, ಡೀಟೇಲ್ಸ್‌ನಲ್ಲಿ ಬಗ್‌ಚೆಕ್ ಕೋಡ್ (ನೀಲಿ ಸ್ಕ್ರೀನ್ ಯಾವ ಥರದ್ದು ಅಂತ ಹೇಳುವ ಸಂಖ್ಯೆ) ಎಷ್ಟಿದೆ ಅಂತ ಬರೆಯಿರಿ.

ಪ್ರಶ್ನೆ ಕೇಳಿದವರು:
ಸರ್, ನೋಡಿದೆ. 26, 80, 26, 10 ಅಂತಿದೆ. ಗೂಗಲ್‌ನಲ್ಲಿ ಹುಡುಕಿದ್ರೆ ಈ ನಂಬರ್‌ಗಳಿಗೆ ಏನೂ ಸಿಗ್ತಿಲ್ಲ.

ಉತ್ತರ 2:
ಸಿಗಲ್ಲ. ಅಲ್ಲಿ ತೋರಿಸೋದು ನಮ್ಮ ಮಾಮೂಲಿ ದಶಮಾನ ಸಂಖ್ಯೆ, ಮೈಕ್ರೋಸಾಫ್ಟ್‌ನ ಪಟ್ಟಿ ಇರೋದು ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ; ಅಲ್ಲಿ 10ರಿಂದ 15ರವರೆಗೆ ಎ ಇಂದ ಎಫ್ ಅಕ್ಷರ ಬರುತ್ತೆ. ವಿಂಡೋಸ್ ಕ್ಯಾಲ್ಕುಲೇಟರನ್ನೇ ಪ್ರೋಗ್ರಾಮರ್ ಮೋಡ್‌ಗೆ ಹಾಕಿ ನೋಡಿ: 26 ಅಂದರೆ 1ಎ, ಅದೇ ಮೆಮೊರಿ ಮ್ಯಾನೇಜ್‌ಮೆಂಟ್. 80 ಅಂದರೆ 50, ನಿಮ್ಮ ಪೇಜ್ ಫಾಲ್ಟ್. 10 ಅಂದರೆ ಎ, ಡ್ರೈವರ್ ತಪ್ಪು ವಿಳಾಸ ಮುಟ್ಟಿದಾಗ ಬರುವಂಥದ್ದು. ಕೋಡ್ 0 ಅಂತ ಇದ್ದಿದ್ದರೆ ಚಾರ್ಜರ್, ಬ್ಯಾಟರಿ, ಬಿಸಿ ಆ ಕಡೆ ಹುಡುಕಬೇಕಿತ್ತು. ಒಂದೇ ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಥರ ಬೀಳುತ್ತೆ. ಹೀಗೆ ಸಲಕ್ಕೊಂದು ವೇಷ ಹಾಕಿದರೆ ಮೊದಲು ರ‍್ಯಾಮ್ ನೋಡಬೇಕು.

ಬೇರೊಂದು ಕಂಪ್ಯೂಟರಿನಲ್ಲಿ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಅದರಿಂದ ಬೂಟ್ ಮಾಡಿ. ರ‍್ಯಾಮ್ ಪರೀಕ್ಷಿಸುವ ಉಚಿತ ತಂತ್ರಾಂಶ ಅದು. ಬಯಾಸ್ ಸೆಟ್ಟಿಂಗ್‌ನಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶದಿಂದ ಬೂಟ್ ಆಗದಂತೆ ತಡೆಯುವ ಕಾವಲು) ಆಫ್ ಮಾಡಬೇಕಾಗಬಹುದು. ಹಾಗೆ ಮಾಡುವ ಮೊದಲು, ಇದನ್ನು ಮಾತ್ರ ಮರೀಬೇಡಿ, ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಬಿಟ್‌ಲಾಕರ್‌ನ (ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರೋದು ಮಾಲೀಕರಿಗೇ ಗೊತ್ತಿರಲ್ಲ. ಕೀ ಕೇಳಿತು, ನಿಮ್ಮ ಹತ್ತಿರ ಇಲ್ಲ ಅಂದರೆ ಪ್ರಾಜೆಕ್ಟ್ ಆಸೆ ಬಿಡಬೇಕಾಗುತ್ತೆ.

ಟೆಸ್ಟ್‌ನಲ್ಲಿ ಒಂದೇ ಒಂದು ಕೆಂಪು ಸಾಲು ಬಂದರೂ ಫೇಲ್. "ಒಂದೇ ಎರರ್ ತಾನೇ" ಅನ್ನೋ ಲೆಕ್ಕ ಇಲ್ಲಿಲ್ಲ.

ಪ್ರಶ್ನೆ ಕೇಳಿದವರು:
ಸರ್, ಶುರುವಾಗಿ ಸ್ವಲ್ಪ ಹೊತ್ತಿಗೇ ಸ್ಕ್ರೀನ್ ತುಂಬಾ ಕೆಂಪು! ಎರಡರಲ್ಲಿ ಯಾವುದು ಕೆಟ್ಟಿದೆ ಅಂತ ಹೇಗೆ ತಿಳಿಯೋದು? ಸ್ಲಾಟೇ ಹೋಗಿದ್ರೆ?

ಉತ್ತರ 2:
ಅದಲು ಬದಲು ಮಾಡಿಯೇ ನೋಡಬೇಕು. ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿ, ಆಗ ಪೂರ್ತಿ ಆಫ್ ಆಗುತ್ತೆ. ಚಾರ್ಜರ್ ತೆಗೆದು, ಹಿಂಬದಿ ಬಿಚ್ಚಿ, ಬ್ಯಾಟರಿ ಕನೆಕ್ಟರ್ ಮೆಲ್ಲಗೆ ಎಳೆಯಿರಿ. ರ‍್ಯಾಮ್‌ನ ಎರಡೂ ಪಕ್ಕದ ಕ್ಲಿಪ್ ಅಗಲಿಸಿದರೆ ಅದು ತಾನಾಗಿ ಓರೆಯಾಗಿ ಮೇಲೇಳುತ್ತೆ. ಹಾಕುವಾಗಲೂ ಅದೇ ಓರೆಯಲ್ಲಿ ಒಳಗೆ ತಳ್ಳಿ. ಚಿನ್ನದ ಬಣ್ಣದ ಪಟ್ಟಿ ಹೆಚ್ಚುಕಮ್ಮಿ ಪೂರ್ತಿ ಮರೆಯಾದ ಮೇಲೆ ಕೆಳಕ್ಕೆ ಒತ್ತಿದರೆ ಟಕ್ ಅನ್ನಬೇಕು. ಮೊದಲು ಕಂಪನಿಯದನ್ನು ಒಂದೇ ಹಾಕಿ ಎರಡೂ ಸ್ಲಾಟ್‌ನಲ್ಲಿ ಟೆಸ್ಟ್ ಮಾಡಿ, ಆಮೇಲೆ ಅಂಗಡಿಯದು. ರ‍್ಯಾಮ್ ಬದಲಿಸಿದ ಮೇಲಿನ ಮೊದಲ ಬೂಟ್‌ನಲ್ಲಿ ಡಿಡಿಆರ್5 ತನ್ನನ್ನು ತಾನು ಹೊಂದಿಸಿಕೊಳ್ಳೋಕೆ ಕೆಲವು ನಿಮಿಷ ತಗೊಳ್ಳಬಹುದು. ಸ್ಕ್ರೀನ್ ಕಪ್ಪಗಿದೆ ಅಂತ ಗಾಬರಿಯಾಗಿ ಪವರ್ ಬಟನ್ ಒತ್ತಬೇಡಿ.

ಪ್ರಶ್ನೆ ಕೇಳಿದವರು:
ಕಂಪನಿ ರ‍್ಯಾಮ್ ಎರಡೂ ಸ್ಲಾಟ್‌ನಲ್ಲಿ ಪಾಸ್. ಅಂಗಡಿಯದು ಎರಡರಲ್ಲೂ ಫೇಲ್. ಫೋಟೋ ತೋರಿಸಿದ್ದಕ್ಕೆ ಮರುಮಾತಿಲ್ಲದೆ ಬದಲಾಯಿಸಿಕೊಟ್ಟರು. ಹೊಸದು ಹಾಕಿ ರಾತ್ರಿಯಿಡೀ ಟೆಸ್ಟ್ ಓಡಿಸಿದೆ, ಒಂದೂ ಎರರ್ ಇಲ್ಲ. ತುಂಬಾ ಥ್ಯಾಂಕ್ಸ್ ಸರ್. ಈಗ ವಿಂಡೋಸ್ ಮತ್ತೆ ಹಾಕಬೇಕಾ?

ಉತ್ತರ 2:
ಕೆಟ್ಟ ರ‍್ಯಾಮ್ ಇದ್ದಾಗ ಇನ್‌ಸ್ಟಾಲ್ ಆದದ್ದು, ಅದೂ ಒಮ್ಮೆ ಎರರ್ ಕೊಟ್ಟದ್ದು. ಡಿಐಎಸ್‌ಎಂ, ಎಸ್‌ಎಫ್‌ಸಿ ಅನ್ನುವ ವಿಂಡೋಸ್ ಕಮಾಂಡ್‌ಗಳನ್ನು ಓಡಿಸಿ ರಿಪೇರಿ ಮಾಡಬಹುದು, ಆದರೆ ನಾನಾಗಿದ್ದರೆ ಹೊಸದಾಗೇ ಹಾಕುತ್ತಿದ್ದೆ. ಅದಕ್ಕೂ ಮುಂಚೆ ಪ್ರಾಜೆಕ್ಟ್ ಫೈಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಆ ದಿನಗಳಲ್ಲಿ ಸೇವ್ ಮಾಡಿದ್ದು, ಪೆನ್‌ಡ್ರೈವ್‌ಗೆ ಕಾಪಿ ಮಾಡಿದ್ದು ಎರಡೂ ಒಳಗೊಳಗೆ ಕೆಟ್ಟಿರಬಹುದು. ಜಿಪ್ ಫೈಲ್ ಇದ್ದರೆ ಬಿಚ್ಚಿಯೇ ನೋಡಿ. ಹೆಸರು, ಸೈಜ್ ಸರಿಯಾಗಿದೆ ಅಂದ ಮಾತ್ರಕ್ಕೆ ನಂಬಬೇಡಿ.