ಒಲೆ ಮೂರು, ಕಬ್ಬಿನ ಬಿಲ್ಲು ಒಂದು: ಇದನ್ನ ಕೂಡುಕುಟುಂಬ ಅಂತ ಬರ್ಕೋಬೇಕಾ?

ಗಂಗೋತ್ರಿ_ಎಂಎ

ಎಲ್ರಿಗೂ ನಮಸ್ಕಾರ. ಸಮಾಜಶಾಸ್ತ್ರದ ಕಿರುಪ್ರಬಂಧಕ್ಕೆ ಮಂಡ್ಯ ತಾಲ್ಲೂಕಿನ ನಾಲೆ ಬಯಲಿನ ಒಂದು ಹಳ್ಳಿ ಆರಿಸ್ಕೊಂಡಿದ್ದೀನಿ, 240 ಮನೆ. ಮನೆತನ ಹೇಗಿದೆ ಅನ್ನೋದಕ್ಕೂ ಅಲ್ಲಿನ ಜನ ಯಾವುದನ್ನ ದೊಡ್ಡದು ಅಂತ ತಿಳ್ಕೋತಾರೆ ಅನ್ನೋದಕ್ಕೂ ಇರೋ ನಂಟು ನೋಡ್ಬೇಕು. ಮೂರು ಕಡೆ ಸಿಕ್ಕಾಕ್ಕೊಂಡಿದ್ದೀನಿ.

ಒಂದು, ಮೂವರು ಅಣ್ಣತಮ್ಮಂದಿರು ಒಂದೇ ಬೀದೀಲಿದ್ದಾರೆ. ಅಡುಗೆ ಬೇರೆ, ರೇಷನ್ ಕಾರ್ಡ್ ಬೇರೆ. ಆದರೆ ಪಹಣಿ ಇನ್ನೂ ತೀರಿಕೊಂಡ ಅಪ್ಪನ ಹೆಸರಲ್ಲೇ ಇದೆ, ಕಬ್ಬಿನ ದುಡ್ಡು ಹಿರಿಯಣ್ಣನ ಖಾತೆಗೆ ಬೀಳುತ್ತೆ. ಇವರನ್ನ ಯಾವ ಕಾಲಮ್ಮಿಗೆ ಹಾಕೋದು?

ಎರಡು, ಇಂಗ್ಲಿಷಿನಿಂದ ತಂದ ಪ್ರಶ್ನಾವಳಿ. ‘ಕುಟುಂಬಕ್ಕಾಗಿ ನನ್ನ ಇಷ್ಟಗಳನ್ನು ಬಿಟ್ಟುಕೊಡುತ್ತೇನೆ’ ಅನ್ನೋ ಥರದ 20 ವಾಕ್ಯ, 1ರಿಂದ 5 ಅಂಕ. ಕೇಳಿದೋರೆಲ್ಲ 5 ಅಂತಾರೆ.

ಮೂರು, ಬೇರೆ ದೇಶದ ಜೊತೆ ಹೋಲಿಸಿ ಒಂದು ಅಧ್ಯಾಯ ಬೇಕಂತೆ. ಎಲ್ಲಿಂದ ಶುರು ಮಾಡ್ಲಿ?

ತೊಟ್ಟಿಮನೆ

ಮೊದಲನೆಯದಕ್ಕೆ ಮಾತ್ರ ಹೇಳುತ್ತೇನೆ.

‘ಕೂಡು’, ‘ಬಿಡಿ’ ಎಂಬ ಎರಡೇ ಕಾಲಮ್ ಇಟ್ಟುಕೊಂಡರೆ ಇಡೀ ಕೆಲಸ ಹಾಳು. ಜನಗಣತಿ ಲೆಕ್ಕ ಹಾಕುವುದು ಒಂದು ಅಡುಗೆಮನೆಯಲ್ಲಿ ಉಣ್ಣುವವರನ್ನು. ಅದು ಮನೆವಾರ್ತೆಯ ಲೆಕ್ಕ, ಕುಟುಂಬದ್ದಲ್ಲ. ನಿಮ್ಮ ಪಟ್ಟಿಯಲ್ಲಿ ಒಲೆ, ದುಡ್ಡು, ಜಮೀನು, ಯಜಮಾನಿಕೆ ಎಂದು ನಾಲ್ಕು ಕಾಲಮ್ ಮಾಡಿ, ಪ್ರತಿಯೊಂದರಲ್ಲೂ ‘ಒಟ್ಟು’ ಅಥವಾ ‘ಬೇರೆ’ ಎಂದು ಗುರುತು ಹಾಕಿ. ನೀವು ಹೇಳಿದ ಅಣ್ಣತಮ್ಮಂದಿರದು ಒಲೆ ಬೇರೆ, ಜಮೀನು ಒಟ್ಟು. ಉಳಿದೆರಡನ್ನು ಕೇಳಿಯೇ ತಿಳಿಯಬೇಕು.

ಇದು ಹೊಸ ತಲೆನೋವೇನಲ್ಲ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಲ್ಲಿ ಮಂಡ್ಯದ ಸುತ್ತಿನ ಎರಡು ಹಳ್ಳಿಗಳಲ್ಲಿ ಅಧ್ಯಯನ ಶುರುಮಾಡಿದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಒಣಭೂಮಿಯಾಗಿಯೇ ಉಳಿದಿತ್ತು. ನೀರು ಬಂದ ಊರಿನವರು ಬೇಸಾಯ ಬಿಡಲಿಲ್ಲ, ಹಳೆಯ ಕಟ್ಟುಪಾಡೂ ಬಹಳಮಟ್ಟಿಗೆ ಹಾಗೇ ಉಳಿಯಿತು. ನೀರಿಲ್ಲದ ಊರಿನವರು ಮಂಡ್ಯ ಪೇಟೆಯ ಕೆಲಸ, ವ್ಯಾಪಾರ ಹಿಡಿದರು; ಸಂಬಂಧಗಳು ಹೆಚ್ಚು ಸಡಿಲವಾದದ್ದು ಅಲ್ಲಿ. 1970ರಲ್ಲಿ ಮತ್ತೆ ಬಂದಾಗ ಅವರು ಗುರುತಿಸಿದ್ದು ನಿಮ್ಮ ಪ್ರಶ್ನೆಯಲ್ಲಿರುವಂಥ ಮನೆಗಳನ್ನೇ: ವಾಸ ಬೇರೆ, ಆದಾಯ-ಖರ್ಚು ಹಂಚಿಕೆ. ಅದಕ್ಕೆ ‘ಪಾಲು ಕುಟುಂಬ’ ಎಂಬ ಅರ್ಥದ ಹೆಸರನ್ನೂ ಇಟ್ಟರು.

ಇನ್ನೊಂದು ತಪ್ಪು ತುಂಬ ಜನ ಮಾಡುತ್ತಾರೆ. ‘ಮೂರರಲ್ಲಿ ಒಂದು ಮನೆ ಮಾತ್ರ ಕೂಡಿದೆ, ಆದ್ದರಿಂದ ಕೂಡುಕುಟುಂಬ ಒಡೆಯುತ್ತಿದೆ’ ಎಂದು ಬರೆದುಬಿಡುತ್ತಾರೆ. ಮನೆ ಕೂಡಿರುವುದು ಹಿರಿಮಗನಿಗೆ ಹೆಂಡತಿ ಬಂದಾಗಿನಿಂದ ಭಾಗವಾಗುವವರೆಗೆ. ಒಂದು ತಲೆಮಾರು 30 ವರ್ಷ, ಕೂಡಿರುವ ಕಾಲ 10 ವರ್ಷ ಎಂದಿಟ್ಟುಕೊಳ್ಳಿ. ಪ್ರತಿ ಮನೆಯೂ ಆ ಘಟ್ಟ ದಾಟಿದರೂ ಯಾವುದೇ ಒಂದು ದಿನ ಎಣಿಸಿದರೆ ಸಿಗುವುದು ಮೂರರಲ್ಲೊಂದೇ. ಹಿರಿಮಗನ ಮದುವೆ ಯಾವ ವರ್ಷ, ಪಾಲುಪಟ್ಟಿ ಯಾವ ವರ್ಷ ಎಂಬ ಎರಡು ಇಸವಿ ಕೇಳದೆ ಬರಬೇಡಿ.

ನಾಲೆಬಯಲು

ಮೇಲಿನೋರು ಹೇಳಿದ್ದು ಸರಿ. ಆದ್ರೆ ಒಲೆ ಕಾಲಮ್ಮೂ ಅಷ್ಟು ಸಲೀಸಲ್ಲ ಗುರು. ಅಪ್ಪ-ಅವ್ವ ತಿಂಗಳು ಈ ಮಗನ ಮನೇಲಿ, ತಿಂಗಳು ಆ ಮಗನ ಮನೇಲಿ ಉಣ್ತಿದ್ರೆ? ಎರಡೂ ಮನೆಯೋರು ‘ನಮ್ಮ ಜೊತೇಲೇ ಅವ್ರೆ’ ಅಂತಾರೆ, ನಿಮ್ಮ ಲೆಕ್ಕದಲ್ಲಿ ಅಜ್ಜಿ ಇಬ್ಬರಾಗ್ತಾರೆ. ‘ನಿಮ್ಮನೇಲಿ ಎಷ್ಟು ಜನ?’ ಅನ್ಬೇಡಿ. ‘ನಿನ್ನೆ ರಾತ್ರಿ ಈ ಒಲೆ ಮುದ್ದೆ ಯಾರ್‍ಯಾರು ಉಂಡ್ರಿ?’ ಅನ್ನಿ. ಹೆಸರು ಹಿಡಿದು ಬರ್ಕೊಳ್ಳಿ, ಸಂಖ್ಯೆ ಆಮೇಲೆ.

ರೇಷನ್ ಕಾರ್ಡನ್ನಂತೂ ಆಧಾರ ಮಾಡ್ಕೋಬೇಡಿ. ಅಕ್ಕಿ ಬರೋದು ಕಾರ್ಡ್ ಮೇಲೆ. 2023ರ ಆಗಸ್ಟಲ್ಲಿ ಮೈಸೂರಲ್ಲೇ ಚಾಲು ಆದ ಗೃಹಲಕ್ಷ್ಮಿಯ 2000 ರೂಪಾಯಿನೂ ಕಾರ್ಡಲ್ಲಿರೋ ಯಜಮಾನಿಗೆ, ಕಾರ್ಡಿಗೆ ಒಬ್ಬರಿಗೆ. ಅತ್ತೆ-ಸೊಸೆ ಒಂದೇ ಪಾತ್ರೇಲಿ ಉಂಡ್ಕೊಂಡು ಕಾರ್ಡ್ ಮಾತ್ರ ಬೇರೆ ಮಾಡ್ಸಿರ್ತಾರೆ. ಪಹಣಿದು ಇದಕ್ಕೆ ಉಲ್ಟಾ: ಮನೆ ಯಾವತ್ತೋ ಬೇರೆ ಆಗಿರುತ್ತೆ, ಪೌತಿ ಖಾತೆ (ತೀರಿಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡ್ಸಿರಲ್ಲ.

ದುಡ್ಡಿನ ವಿಚಾರಕ್ಕೆ ನೇರ ಕೈ ಹಾಕಿದ್ರೆ ಯಾರೂ ಬಾಯಿ ಬಿಡಲ್ಲ. ‘ಈ ಸಲ ಗೊಬ್ಬರ ತಂದೋರು ಯಾರು? ಹೋದ ಸಲ ಆಸ್ಪತ್ರೆಗೆ ಕಟ್ಟಿದ್ದು ಯಾರು? ಡೈರಿಗೆ ಹಾಲು ಯಾರ ಹೆಸರಲ್ಲಿ ಹಾಕ್ತೀರಿ?’ ಹಿಂಗೆ ನಡೆದದ್ದನ್ನ ಕೇಳಿ. ಹಾಲಿನ ದುಡ್ಡು ಹೆಂಗಸರ ಕೈಲಿದ್ರೆ ಆ ಮನೆ ಲೆಕ್ಕಾಚಾರವೇ ಬೇರೆ, ಅದಕ್ಕೊಂದು ಸಾಲು ಇರ್ಲಿ.

ಇನ್ನೆರಡು ಪ್ರಶ್ನೆ ಸೇರಿಸ್ಕೊಳ್ಳಿ. ಪಿತೃಪಕ್ಷದ ಎಡೆ ಎಲ್ಲಿ ಇಡ್ತೀರಿ? ಒಲೆ ಮೂರಾಗಿದ್ರೂ ಎಡೆ ಹಿರಿಯನ ಮನೇಲೇ ಇಡ್ತಿದ್ರೆ ಮನೆತನ ಇನ್ನೂ ಪೂರ್ತಿ ಒಡೆದಿಲ್ಲ ಅಂತ. ಇನ್ನೊಂದು, ಸಾವಾದ್ರೆ ಸೂತಕ ಯಾರ್‍ಯಾರಿಗೆ? ದಾಯಾದಿಗಳ ಸುತ್ತು ಎಲ್ಲೀವರೆಗಿದೆ ಅಂತ ಅವರೇ ಗೆರೆ ಎಳೆದು ತೋರಿಸ್ತಾರೆ.

ಗಂಗೋತ್ರಿ_ಎಂಎ

ಸೂತಕದ್ದು ಹೊಳೆದೇ ಇರ್ಲಿಲ್ಲ. ಆ 20 ವಾಕ್ಯ ಪೂರ್ತಿ ಬಿಟ್ಟುಬಿಡ್ಲಾ? ಗೈಡ್ ಒಪ್ಪಬೇಕಲ್ಲ.

ಹುಣಸೆಬೀಜ

ಪೂರ್ತಿ ಬಿಡಬೇಡಿ, 6ಕ್ಕೆ ಇಳಿಸಿ. ಆರರಲ್ಲಿ ಮೂರನ್ನ ತಿರುಗಿಸಿ ಬರೀರಿ: ‘ಮದುವೆಯಾದ ಮಗ ಸಂಬಳ ತನ್ನ ಹತ್ರಾನೇ ಇಟ್ಕೊಳ್ಳೋದು ಸರಿ’ ಅನ್ನೋ ಥರ. ಮೊದಲಿನದಕ್ಕೂ ಇದಕ್ಕೂ 5 ಕೊಟ್ಟೋರು ನಿಮ್ಮ ಮಾತಿಗೆ ತಲೆದೂಗಿದ್ದಾರೆ ಅಷ್ಟೇ. ಅವರ ಅಂಕ ಲೆಕ್ಕಕ್ಕೆ ಬೇಡ.

ನಿಜವಾದ ತೊಡಕಿರೋದು ಅನುವಾದದಲ್ಲಿ. ‘ಮಕ್ಕಳು ಯಾವ ಗುಣ ಕಲೀಬೇಕು, ಪಟ್ಟಿಯಲ್ಲಿ 5 ಆರಿಸಿ’ ಅನ್ನೋ ಪ್ರಶ್ನೆ ಎಷ್ಟೋ ದೇಶಗಳಲ್ಲಿ ಕೇಳಿರೋದು, ಹೋಲಿಕೆಗೆ ಒಳ್ಳೇದು. ಆದರೆ ಅದರಲ್ಲಿರೋ ‘ಇಂಡಿಪೆಂಡೆನ್ಸ್’ಗೆ ‘ಸ್ವಾತಂತ್ರ್ಯ’ ಅಂತ ಹಾಕಿದರೆ ಹಳ್ಳೀಲಿ ಆಗಸ್ಟ್ 15 ನೆನಪಾಗುತ್ತೆ, ಇಲ್ಲಾ ಮಕ್ಕಳು ಕೈಮೀರಿ ಹೋಗೋದು ಅನ್ಸುತ್ತೆ. ‘ಸ್ವಂತ ಕಾಲ ಮೇಲೆ ನಿಲ್ಲೋದು’ ಅಂದರೆ ದುಡಿಯೋದು ಅಂತ ಅರ್ಥ, ಎಲ್ಲರೂ ಆರಿಸ್ತಾರೆ. ಕೇಳಬೇಕಾಗಿದ್ದು ‘ತನಗೆ ತಾನೇ ತೀರ್ಮಾನ ತಗೊಳ್ಳೋದು’. ಮೂರಕ್ಕೂ ಬೇರೆ ಬೇರೆ ಉತ್ತರ ಬರುತ್ತೆ. ನೀವು ಕನ್ನಡಕ್ಕೆ ತಂದಿದ್ದನ್ನ, ಮೂಲ ನೋಡದೆ ಇರೋ ಇನ್ನೊಬ್ಬರ ಕೈಲಿ ಇಂಗ್ಲಿಷಿಗೆ ವಾಪಸ್ ಮಾಡಿಸಿ. ಎಲ್ಲೆಲ್ಲಿ ತಪ್ಪಿದೆ ಅಂತ ಅಲ್ಲೇ ಕಾಣುತ್ತೆ.

‘ಅಂಕಲ್’, ‘ಕಸಿನ್’ ಇರೋ ಪ್ರಶ್ನೆ ಇದ್ದರೆ ಒಡೆದು ಬರೀರಿ. ಇಲ್ಲಿ ಚಿಕ್ಕಪ್ಪನ ಮಗಳು ತಂಗಿ, ಸೋದರಮಾವನ ಮಗಳು ಮದುವೆಗೆ ಬರೋ ಹುಡುಗಿ. ಅತ್ತೆ ಅಂದರೆ ಅಪ್ಪನ ತಂಗಿಯೂ ಹೌದು, ಗಂಡನ ತಾಯಿಯೂ ಹೌದು. ಒಂದು ಕಾಲಕ್ಕೆ ಇಬ್ಬರೂ ಒಬ್ಬರೇ ಆಗಿರೋದು ಮಾಮೂಲಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಹೆರಿಗೆಯಾದವರನ್ನ ವಿಚಾರಿಸಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗಿತ್ತು. ಇವರನ್ನೆಲ್ಲ ‘ಸೋದರ ಸಂಬಂಧಿ’ ಅಂತ ಒಂದೇ ಗಂಟಿಗೆ ಕಟ್ಟಿದರೆ ನೀವು ಹುಡುಕ್ತಿರೋದೇ ಕಳೆದುಹೋಗುತ್ತೆ.

ಅಂಕಕ್ಕಿಂತ ಬೀಜ ಮೇಲು. ಒಂದು ಸನ್ನಿವೇಶ ಹೇಳಿ: ‘ಒಬ್ಬ ಹುಡುಗ ಬೆಂಗಳೂರಲ್ಲಿ ತಿಂಗಳಿಗೆ 25,000 ದುಡೀತಾನೆ. ಅಪ್ಪನಿಗೆ ಸಾಲ ಇದೆ, ತಮ್ಮನ ಫೀಸು ಕಟ್ಟಬೇಕು, ಹೆಂಡತಿ ಬಾಡಿಗೆ ಮನೆ ಬದಲಾಯಿಸೋಣ ಅಂತಾಳೆ.’ ಕೈಗೆ 10 ಹುಣಸೆ ಬೀಜ ಕೊಟ್ಟು, ಅವನ ದುಡ್ಡನ್ನ ನಾಲ್ಕು ಮನೆ ಮಾಡಿ ಹಂಚೋಕೆ ಹೇಳಿ: ಅಪ್ಪ, ತಮ್ಮ, ಹೆಂಡತಿ, ಅವನು. ಎಲ್ಲಕ್ಕೂ 5 ಕೊಟ್ಟ ಹಾಗೆ ಇಲ್ಲಿ ಕೊಡೋಕಾಗಲ್ಲ, ಬೀಜ ಇರೋದೇ ಹತ್ತು. ಅದೇ ಕಥೇಲಿ ಹುಡುಗನ ಬದಲು ಹುಡುಗಿ ಇಟ್ಟು, ಆಕೆಯ ಗಂಡನ ಕಡೆ-ತವರಿನ ಕಡೆ ಅಂತ ಮಾಡಿ, ಅರ್ಧ ಮನೆಗಳಲ್ಲಿ ಕೇಳಿ.

ಅತ್ತೆ ಪಕ್ಕದಲ್ಲಿ ಕೂತಿದ್ದರೆ ಸೊಸೆಗೆ ಬೀಜ ಕೊಡಬೇಡಿ. ಜೊತೆಗೆ ಒಬ್ಬರನ್ನ ಕರ್ಕೊಂಡು ಹೋಗಿ, ಅವರು ಅತ್ತೆಯನ್ನ ವಂಶವೃಕ್ಷ ಬರೆಯೋ ನೆಪದಲ್ಲಿ ಜಗಲಿಗೆ ಕೂರಿಸಿಕೊಳ್ಳಲಿ.

ಕುಕ್ಕರಹಳ್ಳಿ_ಏರಿ

ಹೋಲಿಕೆಯ ಅಧ್ಯಾಯಕ್ಕೆ ಬರುತ್ತೇನೆ. ‘ಪಶ್ಚಿಮದವರು ವ್ಯಕ್ತಿವಾದಿಗಳು, ನಾವು ಕುಟುಂಬದವರು’ ಎಂದು ಶುರು ಮಾಡಿದರೆ ಮುಂದೆ ಹೇಳಲು ಏನೂ ಉಳಿಯುವುದಿಲ್ಲ. ಅದಕ್ಕೆ ಎಲ್ಲರೂ ಎತ್ತಿ ಹಾಕುವ, ಯಾವ ದೇಶದಲ್ಲಿ ವ್ಯಕ್ತಿವಾದ ಎಷ್ಟು ಎಂದು ಅಳೆಯುವ ಹಾಫ್‌ಸ್ಟೆಡ್ ಅಂಕಗಳು, ಅಮೆರಿಕಕ್ಕೆ 91, ಭಾರತಕ್ಕೆ 48, ಮೂಲದಲ್ಲಿ 1967ರಿಂದ 1973ರ ನಡುವೆ ಐಬಿಎಂ ನೌಕರರನ್ನು ಕೇಳಿದ ಉತ್ತರಗಳ ಮೇಲೆ ಕಟ್ಟಿದವು. ಅವು ದೇಶದ ಸರಾಸರಿ. ಅದನ್ನು ಹಿಡಿದು ಮದ್ದೂರಿನ ಒಬ್ಬ ರೈತನ ಮನಸ್ಸು ಅಳೆಯಲಾಗದು.

‘ಕಾರ್ಖಾನೆ ಬಂತು, ಮನೆ ಒಡೆಯಿತು’ ಎಂಬ ಕಥೆಯೂ ಎಲ್ಲ ಕಡೆ ನಿಜವಲ್ಲ. ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ 1574ರಿಂದ 1821ರವರೆಗಿನ 100 ಇಂಗ್ಲಿಷ್ ಊರುಗಳ ಪಟ್ಟಿ ನೋಡಿದಾಗ ಮನೆಯೊಂದಕ್ಕೆ ಸರಾಸರಿ ಸಿಕ್ಕಿದ್ದು 4.75 ಜನ. ಕಾರ್ಖಾನೆಗೆ ಮೊದಲೇ ಅಲ್ಲಿ ಮನೆ ಚಿಕ್ಕದಿತ್ತು. ಹದಿಹರೆಯದಲ್ಲೇ ಬೇರೆಯವರ ಮನೆಗೆ ಆಳಾಗಿ ಹೋಗಿ, ಕೂಡಿಟ್ಟು, ತಡವಾಗಿ ಮದುವೆಯಾಗಿ ಬೇರೆ ಮನೆ ಹೂಡುವುದು ಅಲ್ಲಿನ ವಾಡಿಕೆ. ಯುರೋಪೂ ಒಂದೇ ಅಲ್ಲ: ಇವತ್ತಿಗೂ ಫಿನ್ಲೆಂಡಿನ ಮಕ್ಕಳು ಸರಾಸರಿ 21ಕ್ಕೆ ಮನೆ ಬಿಟ್ಟರೆ ಕ್ರೊಯೇಷಿಯಾದವರು ಬಿಡುವುದು 30 ದಾಟಿದ ಮೇಲೆ.

ಹೋಲಿಸುವುದಾದರೆ ಆಸ್ತಿ ಯಾರಿಗೆ ಹೋಗುತ್ತದೆ ಎಂಬ ಒಂದೇ ಎಳೆ ಹಿಡಿಯಿರಿ. ಜಪಾನಿನ ‘ಇಎ’ ಪದ್ಧತಿಯಲ್ಲಿ ಮನೆ ಒಬ್ಬನಿಗೇ, ಸಾಮಾನ್ಯವಾಗಿ ಹಿರಿಮಗನಿಗೆ. ಉಳಿದವರು ಹೊರಗೆ ಬದುಕು ಹುಡುಕಬೇಕು. 1898ರ ಸಿವಿಲ್ ಸಂಹಿತೆ ಇದನ್ನು ಕಾನೂನು ಮಾಡಿತು, 1947ರ ತಿದ್ದುಪಡಿ ತೆಗೆದುಹಾಕಿತು. ಗಂಡುಮಕ್ಕಳಿಲ್ಲದಿದ್ದರೆ ಅಳಿಯನನ್ನು ದತ್ತು ತಗೊಳ್ಳುತ್ತಾರೆ, ಅವನು ಹೆಂಡತಿಯ ಮನೆತನದ ಹೆಸರು ಹೊರುತ್ತಾನೆ. ಅಲ್ಲಿ ಅದು ಜವಾಬ್ದಾರಿಯ ಸ್ಥಾನ. ನಮ್ಮಲ್ಲಿ ಮನೆಅಳಿಯ ಎಂದರೆ ಹಂಗಿಸುವ ಮಾತು. ಯಾಕೆ? ಅಲ್ಲಿ ಉಳಿಯಬೇಕಾದ್ದು ಮನೆಯ ಹೆಸರು, ರಕ್ತ ಆಮೇಲೆ. ಇಲ್ಲಿ ಎಡೆ ಇಡಬೇಕಾದವನು ಗಂಡುಸಂತಾನದವನು. ನಿಮ್ಮ ಹಳ್ಳಿಯಲ್ಲಿ ಮನೆಅಳಿಯಂದಿರು ಎಷ್ಟು, ಎಡೆ ಯಾರು ಇಡುತ್ತಾರೆ ಎಂದು ಕೇಳಿದರೆ ಅಧ್ಯಾಯದ ಅರ್ಧ ಅಲ್ಲೇ ಸಿಗುತ್ತದೆ.

ಮೇಘಾಲಯದ ಖಾಸಿಗಳಲ್ಲಿ ಮೂಲಮನೆ ಕಿರಿಮಗಳಿಗೆ. ಆದರೆ ಸಲಹೆ, ತೀರ್ಮಾನಗಳಲ್ಲಿ ಅವಳ ಸೋದರಮಾವನ ಮಾತಿಗೆ ತೂಕ. ತುಳುನಾಡಿನ ಅಳಿಯಸಂತಾನದಲ್ಲೂ ಆಸ್ತಿ ಹೆಣ್ಣಿನ ಕಡೆಯಿಂದ ಇಳಿದರೂ ಯಜಮಾನಿಕೆ ಹೆಚ್ಚಾಗಿ ಗಂಡಸರದೇ. ಆಸ್ತಿಯ ದಾರಿ ಒಂದು, ಮಾತಿನ ದಾರಿ ಇನ್ನೊಂದು. ತೊಟ್ಟಿಮನೆಯವರು ಯಜಮಾನಿಕೆಗೆ ಬೇರೆ ಕಾಲಮ್ ಇಡಿ ಎಂದಿದ್ದು ಇದಕ್ಕೇ ಇರಬೇಕು.

ಮಂಡ್ಯದ ಕಡೆ ಕಾನೂನು ಬದಲಾಗಿದೆ, ನಡವಳಿಕೆ ಇನ್ನೂ ದಾರಿಯಲ್ಲಿದೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿತು, 2020ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಮಾಡಿತು. 2 ಎಕರೆ 20 ಗುಂಟೆ ಅಂದರೆ 100 ಗುಂಟೆ. ಮೂವರು ಗಂಡುಮಕ್ಕಳು, ಒಬ್ಬ ಮಗಳಾದರೆ ತಲೆಗೆ 25. ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಅಣ್ಣತಮ್ಮಂದಿರಿಗೆ 33 ಚಿಲ್ಲರೆ. ಆ 25 ಗುಂಟೆಗೆ ಬದಲು ಅವಳು ಉಳಿಸಿಕೊಳ್ಳುವುದು ತವರಿನ ಬಾಗಿಲು: ಗೌರಿಹಬ್ಬಕ್ಕೆ ಕರೆಯುವುದು, ಬಾಣಂತನ, ಮಕ್ಕಳ ಮದುವೆಗೆ ಸೋದರಮಾವ ಬಂದು ನಿಲ್ಲುವುದು. ಇದನ್ನು ‘ತ್ಯಾಗ’ ಎಂದು ಬರೆಯಬೇಡಿ, ‘ಅಜ್ಞಾನ’ ಎಂದೂ ಬರೆಯಬೇಡಿ. ಸಹಿ ಹಾಕಿದವರಲ್ಲಿ ಎಷ್ಟು ಜನರಿಗೆ ಹೋದ ವರ್ಷ ಬಾಗಿನ ಬಂತು ಎಂದು ಎಣಿಸಿ.

ಗಂಗೋತ್ರಿ_ಎಂಎ

240ರಲ್ಲಿ ನಾಲ್ಕಕ್ಕೊಂದರಂತೆ 60 ಮನೆ ಮಾಡ್ತೀನಿ. ಒಂದು ಮನೆಗೆ ಎಷ್ಟು ಹೊತ್ತು ಹಿಡಿಯಬಹುದು?

ನಾಲೆಬಯಲು

ಇಷ್ಟೆಲ್ಲ ಕೇಳಿದ್ರೆ ಮುಕ್ಕಾಲು ಗಂಟೆ ಬೇಕು. ದಿನಕ್ಕೆ ನಾಲ್ಕು ಮನೆ ಮೇಲೆ ಆಗಲ್ಲ, ಅಂದ್ರೆ 15 ದಿನ. ಮೊದಲು ಪಟ್ಟೀಲಿಲ್ಲದ 5-6 ಮನೇಲಿ ಕೇಳಿ ನೋಡಿ, ಯಾವ ಪ್ರಶ್ನೆಗೆ ಜನ ಮುಖ ಮುಖ ನೋಡ್ಕೋತಾರೋ ಅದನ್ನ ತಿದ್ದಿ. ಬೀಗ ಹಾಕಿದ ಮನೆ ಸಿಕ್ರೆ ಪಕ್ಕದ ಮನೆಗೆ ನುಗ್ಗಬೇಡಿ, ಎರಡು ಸಲ ವಾಪಸ್ ಹೋಗಿ. ಗಂಡ-ಹೆಂಡತಿ ಇಬ್ಬರೂ ದುಡಿಯೋಕೆ ಹೋಗೋ ಚಿಕ್ಕ ಮನೆಗಳೇ ಹಗಲು ಹೊತ್ತು ಬೀಗ ಹಾಕಿರೋದು. ಅವು ಬಿಟ್ಟುಹೋದ್ರೆ ಊರಲ್ಲೆಲ್ಲ ಕೂಡುಕುಟುಂಬವೇ ತುಂಬಿದೆ ಅಂತ ಲೆಕ್ಕ ಬರುತ್ತೆ. ಸಂಜೆ ಹಾಲು ಹಾಕಿ ಬಂದ್ಮೇಲೆ ಹೋಗಿ, ಸಿಕ್ತಾರೆ.